ಜಾಗ ಬದಲಿಸುವ ಕರ್ನಲ್ಲನ್ನು ಡೀಬಗ್ ಮಾಡುವುದು ಹೇಗೆ?

ಲಿನಕ್ಸ್‌ನ ತಿರುಳಾದ ಕರ್ನಲ್ಲಿನಲ್ಲಿ ಬ್ರೇಕ್‌ಪಾಯಿಂಟ್, ಅಂದರೆ ಓಟ ನಿಲ್ಲಿಸುವ ಗುರುತು, ಇಟ್ಟಿದ್ದೀರಿ. ಫಂಕ್ಷನ್ನಿನ ಹೆಸರು ಸರಿಯಿದೆ, ಸೋರ್ಸ್ ಕೋಡಿನ ಸಾಲೂ ಸರಿಯಿದೆ. ಆದರೂ ಆ ವಿಳಾಸದ ಮೆಮೊರಿ ತನ್ನ ಕೈಗೆ ಸಿಗುತ್ತಿಲ್ಲ ಎಂದು ಡೀಬಗ್ ಸಾಧನವಾದ ಜಿಡಿಬಿ ದೂರುತ್ತದೆ. ಕರ್ನಲ್ ಕೆಲಸಕ್ಕೆ ಹೊಸದಾಗಿ ಇಳಿದ ಹಲವರು ತಮ್ಮ ಕೋಡಿನಲ್ಲೇ ತಪ್ಪು ಹುಡುಕುತ್ತ ಇಲ್ಲಿ ದಿನಗಟ್ಟಲೆ ಕಳೆಯುತ್ತಾರೆ. ತಪ್ಪು ಕೋಡಿನದಲ್ಲ. ಜಿಡಿಬಿ ಹುಡುಕುತ್ತಿರುವ ಜಾಗದಲ್ಲಿ ಕರ್ನಲ್ಲೇ ಇಲ್ಲ.

ಇದು ಕೆಎಎಸ್‌ಎಲ್‌ಆರ್ ಎಂಬ ರಕ್ಷಣಾ ವ್ಯವಸ್ಥೆಯ ಕೆಲಸ. ಪ್ರತಿ ಸಲ ಬೂಟ್ ಆಗುವಾಗಲೂ ಅದು ಕರ್ನಲ್ಲನ್ನು ಬೇರೆ ಬೇರೆ ವಿಳಾಸದಲ್ಲಿ ಕೂರಿಸುತ್ತದೆ. ಯಾವ ಫಂಕ್ಷನ್ ಎಲ್ಲಿದೆ ಎಂಬುದು ದಾಳಿಕೋರನಿಗೆ ಮೊದಲೇ ತಿಳಿಯಬಾರದು ಎಂಬುದು ಉದ್ದೇಶ. ಎಕ್ಸ್86 ಯಂತ್ರಗಳ ಲಿನಕ್ಸ್‌ಗೆ ಇದು 2014ರಲ್ಲಿ, 3.14ನೇ ಆವೃತ್ತಿಯೊಂದಿಗೆ ಬಂತು. 2017ರ 4.12ರಿಂದ ಕೇಳದೆಯೇ ಚಾಲೂ ಆಗಿರುತ್ತದೆ. ಇಲ್ಲಿ ಹೇಳುವುದೆಲ್ಲ 64 ಬಿಟ್ ಎಕ್ಸ್86 ಲಿನಕ್ಸ್ ಕುರಿತು.

ಒಂದು ಮಾತು ಮನದಟ್ಟಾದರೆ ಅರ್ಧ ಕೆಲಸ ಮುಗಿದಂತೆ. ಕರ್ನಲ್ಲಿನ ಕೋಡು ಚೆಲ್ಲಾಪಿಲ್ಲಿಯಾಗುವುದಿಲ್ಲ, ಇಡಿಯಾಗಿ ಸರಿಯುತ್ತದೆ. ರೈಲು ಪ್ಲಾಟ್‌ಫಾರ್ಮಿನಲ್ಲಿ ಹತ್ತು ಮಾರು ಮುಂದೆ ಹೋಗಿ ನಿಂತರೂ ಬೋಗಿಗಳ ಸಾಲು ಬದಲಾಗುವುದಿಲ್ಲವಷ್ಟೆ? ಎಂಜಿನ್ ಎಲ್ಲಿದೆ ಎಂದು ಗೊತ್ತಾದರೆ ಏಳನೇ ಬೋಗಿ ಎಲ್ಲಿ ಎಂದು ಕೂತಲ್ಲೇ ಹೇಳಬಹುದು. ನಮಗೆ ಬೇಕಾದದ್ದೂ ಅಂಥ ಒಂದೇ ಗುರುತು. ಉಳಿದದ್ದು ಬರೀ ಕಳೆಯುವ ಲೆಕ್ಕ.

ಸರಿದ ದೂರ ಕಂಡುಹಿಡಿಯುವುದು

ಕರ್ನಲ್ ಬಿಲ್ಡ್ ಮಾಡಿದಾಗ ಸಿಸ್ಟಂ.ಮ್ಯಾಪ್ ಎಂಬ ಕಡತ ಸಿಗುತ್ತದೆ. ಕೋಡಿನ ತುಣುಕುಗಳನ್ನು ಜೋಡಿಸುವ ಲಿಂಕರ್ ಯಾವ ಸಿಂಬಲ್ಲಿಗೆ (ಫಂಕ್ಷನ್ ಇಲ್ಲವೇ ವೇರಿಯಬಲ್ಲಿನ ಹೆಸರಿಗೆ) ಯಾವ ವಿಳಾಸ ಕೊಟ್ಟಿತ್ತು ಎಂಬುದು ಅದರಲ್ಲಿದೆ. ಓಡುತ್ತಿರುವ ಯಂತ್ರದಲ್ಲಿ ಪ್ರೊಕ್ ಡೈರೆಕ್ಟರಿಯ ಕಾಲ್‌ಸಿಮ್ಸ್ ಕಡತ ಈಗಿನ ನಿಜ ವಿಳಾಸಗಳನ್ನು ತೋರಿಸುತ್ತದೆ. ಅದನ್ನು ರೂಟ್ ಆಗಿ, ಅಂದರೆ ಪೂರ್ಣ ಅಧಿಕಾರದ ಬಳಕೆದಾರನಾಗಿ ಓದಿ. ಸಾಮಾನ್ಯ ಬಳಕೆದಾರನಿಗೆ ಬರೀ ಸೊನ್ನೆ ಕಾಣುತ್ತದೆ. ರೂಟ್‌ಗೂ ಸೊನ್ನೆಯೇ ಬಂದರೆ ಕರ್ನಲ್ ವಿಳಾಸ ಮರೆಮಾಡುವ ಕೆಪಿಟಿಆರ್-ರಿಸ್ಟ್ರಿಕ್ಟ್ ಸೆಟ್ಟಿಂಗ್ 2ರಲ್ಲಿದೆ ಎಂದರ್ಥ. ಪರೀಕ್ಷೆಯ ಯಂತ್ರವಾದರೆ ಅದನ್ನು ತಗ್ಗಿಸಿಕೊಳ್ಳಿ.

ಎರಡೂ ಕಡೆ ಟೆಕ್ಸ್ಟ್ ಎಂಬ, ಹೆಸರಿನ ಮೊದಲಿಗೇ ಅಡಿಗೆರೆಯಿರುವ ಸಿಂಬಲ್ ಹುಡುಕಿ. ಕರ್ನಲ್ ಕೋಡ್ ಶುರುವಾಗುವುದು ಅಲ್ಲಿಂದ. ಹೆಕ್ಸ್ (ಹದಿನಾರರ ಪದ್ಧತಿಯ) ವಿಳಾಸದ ಮೊದಲ ಎಂಟು ಅಂಕಿಗಳು ಎರಡರಲ್ಲೂ ಎಫ್ ಆಗಿರುವುದರಿಂದ ಕೊನೆಯ ಎಂಟನ್ನಷ್ಟೇ ನೋಡೋಣ. ಸಿಸ್ಟಂ.ಮ್ಯಾಪ್‌ನಲ್ಲಿ 81000000 ಇದೆ, ಕಾಲ್‌ಸಿಮ್ಸ್‌ನಲ್ಲಿ 95600000 ಬಂತು ಎಂದುಕೊಳ್ಳಿ. ಕಳೆದರೆ 14600000. ಇದೇ ಆಫ್‌ಸೆಟ್. ಆ ಬೂಟ್ ಮುಗಿಯುವವರೆಗೂ ಇದು ಬದಲಾಗುವುದಿಲ್ಲ.

ಬಂದ ಉತ್ತರವನ್ನು ಒಮ್ಮೆ ಪರೀಕ್ಷಿಸಿ. ಸಾಮಾನ್ಯವಾಗಿ ಕರ್ನಲ್ 2 ಎಂಬಿ ಅಳತೆಯ ಮೆಟ್ಟಿಲುಗಳಲ್ಲಿ ಮಾತ್ರ ಸರಿಯುತ್ತದೆ, ಅದೂ 1 ಜಿಬಿ ವ್ಯಾಪ್ತಿಯೊಳಗೆ. ಹಾಗಾಗಿ ಆಫ್‌ಸೆಟ್ಟಿನ ಕೊನೆಯ ಐದು ಹೆಕ್ಸ್ ಅಂಕಿ ಸೊನ್ನೆಯಾಗಿರಬೇಕು, ಬಲದಿಂದ ಆರನೆಯದು ಸರಿಸಂಖ್ಯೆಯಾಗಿರಬೇಕು. ಇಲ್ಲವಾದರೆ ಎಲ್ಲೋ ಎಡವಿದ್ದೀರಿ. ಹೆಚ್ಚಾಗಿ ಬೇರೆ ಬಿಲ್ಡಿನ ಸಿಸ್ಟಂ.ಮ್ಯಾಪ್ ಕೈಗೆತ್ತಿಕೊಂಡಿರುತ್ತೀರಿ. ಇದರಿಂದ ಇನ್ನೊಂದು ಲಾಭವೂ ಇದೆ, ನನಗಂತೂ ಬಹಳ ಇಷ್ಟವಾದದ್ದು: ಯಾವುದೇ ಕರ್ನಲ್ ವಿಳಾಸದ ಕೊನೆಯ ಐದು ಅಂಕಿ ಸರಿದ ಮೇಲೂ ಹಾಗೆಯೇ ಉಳಿಯುತ್ತವೆ. ನಿಜ ವಿಳಾಸ 95872340 ಆದರೆ ಲಿಂಕರ್ ಕೊಟ್ಟದ್ದು 81272340. ಎರಡರ ಬಾಲವೂ 72340.

ರೂಟ್ ಇಲ್ಲದಿದ್ದರೆ

ಕಂಪ್ಯೂಟರನ್ನೇ ಅನುಕರಿಸುವ ಕ್ಯೂಎಮುವಿನ ವರ್ಚುವಲ್ ಯಂತ್ರದ ಒಳಗೆ ಲಾಗಿನ್ ಆಗುವ ದಾರಿಯೇ ಇಲ್ಲದಿರಬಹುದು, ಕರ್ನಲ್ ಹ್ಯಾಂಗ್ ಆಗಿರಬಹುದು. ಆಗ ಪ್ರೊಸೆಸರನ್ನೇ ಕೇಳಬೇಕು. ಇಂಟರಪ್ಟ್ (ನಡುವೆ ತಡೆಯುವ ಸೂಚನೆ) ಬಂದಾಗ ಎಲ್ಲಿಗೆ ಹಾರಬೇಕೆಂದು ಅದಕ್ಕೆ ಗೊತ್ತಿರಲೇಬೇಕಲ್ಲ! ಆ ಪಟ್ಟಿಗೆ ಐಡಿಟಿ ಎಂದು ಹೆಸರು. ಕ್ಯೂಎಮುವಿಗೆ ಆಜ್ಞೆ ಕೊಡುವ ಮಾನಿಟರಿನಲ್ಲಿ ರಿಜಿಸ್ಟರುಗಳ ಮಾಹಿತಿ ಕೇಳಿದರೆ ಪಟ್ಟಿಯ ವಿಳಾಸ ಸಿಗುತ್ತದೆ. ಅದರ ಪ್ರತಿ ನಮೂದು 16 ಬೈಟ್. ಮೊದಲನೆಯದು ಸೊನ್ನೆಯಿಂದ ಭಾಗಿಸಿದಾಗ ಬರುವ ದೋಷದ್ದು. ಆ ದೋಷ ಬಂದಾಗ ಓಡುವ ಫಂಕ್ಷನ್ನಿನ, ಅಂದರೆ ಹ್ಯಾಂಡ್ಲರ್‌ನ ವಿಳಾಸ ಅದರಲ್ಲಿ ಮೂರು ತುಂಡಾಗಿದೆ: ಕೆಳಗಿನ 16 ಬಿಟ್ ಮೊದಲೆರಡು ಬೈಟ್‌ಗಳಲ್ಲಿ, ನಡುವಿನ 16 ಬಿಟ್ ಆರನೇ ಬೈಟಿನಿಂದ, ಮೇಲಿನ 32 ಬಿಟ್ ಎಂಟನೇ ಬೈಟಿನಿಂದ. ಬೈಟ್ ಎಣಿಕೆ ಸೊನ್ನೆಯಿಂದ ಶುರು ಎಂಬುದು ನೆನಪಿರಲಿ. ತುಂಡುಗಳನ್ನು ಜೋಡಿಸಿ, ಸಿಸ್ಟಂ.ಮ್ಯಾಪ್‌ನಲ್ಲಿ ಆ ಹ್ಯಾಂಡ್ಲರ್‌ಗಿರುವ ವಿಳಾಸವನ್ನು ಕಳೆಯಿರಿ. ಅದೇ ಆಫ್‌ಸೆಟ್ ಬರುತ್ತದೆ.

ಕರ್ನಲ್ ಪ್ಯಾನಿಕ್ ಆಗಿದ್ದರೆ, ಅಂದರೆ ಪೂರ್ತಿ ಕುಸಿದು ನಿಂತಿದ್ದರೆ, ಇಷ್ಟೂ ಕಷ್ಟ ಬೇಡ. ಸಂದೇಶದ ಕೊನೆಯಲ್ಲಿ ‘ಕರ್ನಲ್ ಆಫ್‌ಸೆಟ್’ ಎಂದು ತಾನೇ ಬರೆದಿರುತ್ತದೆ. ಆದರೆ ಪ್ಯಾನಿಕ್‌ವರೆಗೆ ಹೋಗದ ಊಪ್ಸ್ ಎಂಬ ದೋಷದ ವರದಿಯಲ್ಲಿ ಆ ಸಾಲು ಇರುವುದಿಲ್ಲ. ಅಲ್ಲಿ ಫಂಕ್ಷನ್ ಹೆಸರು, ಅದರೊಳಗೆ ಎಷ್ಟು ದೂರ ಎಂಬ ಜೋಡಿ ಇರುತ್ತದೆ. ಕರ್ನಲ್ ಸೋರ್ಸಿನ ಜೊತೆ ಬರುವ, ಕೋಡಿನ ಸಾಲು ಹುಡುಕಿಕೊಡುವ ಎಫ್‌ಆ್ಯಡರ್2ಲೈನ್ ಸ್ಕ್ರಿಪ್ಟ್‌ಗೆ ಅಷ್ಟು ಸಾಕು, ಆಫ್‌ಸೆಟ್ಟೇ ಬೇಡ.

ಜಿಡಿಬಿಗೆ ತಿಳಿಸುವುದು

ಡೀಬಗ್ ಮಾಹಿತಿಯಿರುವ ವಿಎಂಲಿನಕ್ಸ್ (ಬಿಲ್ಡ್ ಆದ ಕರ್ನಲ್ಲಿನ) ಕಡತ ಬೇಕು, ಅದೇ ಬಿಲ್ಡಿನದು. ಕ್ಯೂಎಮುವಿನ 1234ನೇ ಪೋರ್ಟಿಗೆ ಜಿಡಿಬಿಯನ್ನು ಜೋಡಿಸಿ. ಆಮೇಲೆ ಸಿಂಬಲ್-ಫೈಲ್ ಆಜ್ಞೆಗೆ ‘ಓ’ ಆಯ್ಕೆಯೊಂದಿಗೆ ಆಫ್‌ಸೆಟ್ ಕೊಟ್ಟು ಆ ಕಡತ ತೆರೆಯಿರಿ. ಹಳೆಯ ಜಿಡಿಬಿಗೆ ಈ ಆಯ್ಕೆ ತಿಳಿಯದು, ಹೊಸದನ್ನು ಬಳಸಿ.

ಬ್ರೇಕ್‌ಪಾಯಿಂಟ್ ಇಡುವ ಆತುರ ಬೇಡ. ಮೊದಲು ಲಿನಕ್ಸ್-ಬ್ಯಾನರ್ ಎಂಬ ಸಿಂಬಲ್ಲಿನ ವಿಳಾಸದಲ್ಲಿ ಏನಿದೆ ಎಂದು ಅಕ್ಷರಗಳಾಗಿ ಓದಿಸಿ. ಆವೃತ್ತಿ ಸಂಖ್ಯೆಯ ಸಾಲು ಅಚ್ಚುಕಟ್ಟಾಗಿ ಬಂದರೆ ಲೆಕ್ಕ ಸರಿ. ಕಸ ಬಂದರೆ ಲೆಕ್ಕ ಅಥವಾ ಕಡತ ತಪ್ಪು. ಅರ್ಧ ನಿಮಿಷದ ಈ ಪರೀಕ್ಷೆಯನ್ನು ಯಾರೂ ಬಿಡಬಾರದು ಎಂಬುದು ನನ್ನ ಆಗ್ರಹ.

ಪ್ರತಿ ಬೂಟ್‌ಗೂ ಲೆಕ್ಕ ಹೊಸದಾಗಿ ಮಾಡಬೇಕು. ವರ್ಚುವಲ್ ಯಂತ್ರವಾದರೆ ಬೂಟ್ ಆದ ಮೇಲೆ ಸ್ನ್ಯಾಪ್‌ಶಾಟ್ ತೆಗೆದಿಡಿ. ಅದನ್ನು ಮರಳಿ ತಂದಾಗಲೆಲ್ಲ ಆಫ್‌ಸೆಟ್ ಹಳೆಯದೇ ಇರುತ್ತದೆ.

ಹಾಗಾದರೆ ಇದನ್ನು ಆಫ್ ಮಾಡಬಾರದೇ?

ಮಾಡಬಹುದು. ಬೂಟ್ ಸಾಲಿಗೆ ನೋಕೆಎಎಸ್‌ಎಲ್‌ಆರ್ ಎಂದು ಸೇರಿಸಿದರೆ ಕರ್ನಲ್ ಲಿಂಕರ್ ಹೇಳಿದ ಜಾಗದಲ್ಲೇ ಕೂರುತ್ತದೆ. ಬೂಟ್‌ನ ಆರಂಭದ ಹಂತದಲ್ಲೇ ಇರುವ ದೋಷಕ್ಕೆ ಇದೇ ಸುಲಭದ ದಾರಿ. ಏಕೆಂದರೆ ಆಗ ಆಫ್‌ಸೆಟ್ ಕೇಳಲು ಕರ್ನಲ್ ಇನ್ನೂ ಎದ್ದೇ ಇರುವುದಿಲ್ಲ. ಅಲ್ಲಿ ಹಾರ್ಡ್‌ವೇರ್ ಬ್ರೇಕ್‌ಪಾಯಿಂಟನ್ನೇ ಬಳಸಿ. ಸಾಫ್ಟ್‌ವೇರ್ ಬ್ರೇಕ್‌ಪಾಯಿಂಟ್ ಮೆಮೊರಿಯಲ್ಲಿ ಬರೆದ ಗುರುತು, ಕುಗ್ಗಿಸಿಟ್ಟ ರೂಪದಿಂದ ಬಿಚ್ಚಿಕೊಳ್ಳುವಾಗ ಕರ್ನಲ್ ಅದನ್ನು ಅಳಿಸಿಹಾಕುತ್ತದೆ.

ಆದರೆ ಇದನ್ನೇ ರೂಢಿ ಮಾಡಿಕೊಳ್ಳಬೇಡಿ. ವಿಳಾಸವನ್ನು ಕೋಡಿನಲ್ಲೇ ಬರೆದಿಟ್ಟ ತಪ್ಪು, ಮೆಮೊರಿಯ ಜೋಡಣೆ ಬದಲಾದಾಗ ಮಾತ್ರ ತಲೆಯೆತ್ತುವ ತಪ್ಪು ಇವೆಲ್ಲ ಕರ್ನಲ್ ಸರಿಯುವುದು ನಿಂತೊಡನೆ ಅಡಗಿಬಿಡುತ್ತವೆ. ಬೇರೆಯವರ ಯಂತ್ರದಿಂದ ಬಂದ ಕ್ರ್ಯಾಶ್ ಡಂಪ್‌ನಲ್ಲಂತೂ (ಕುಸಿದ ಕ್ಷಣದ ಮೆಮೊರಿಯ ನಕಲು) ಆಫ್ ಮಾಡುವ ಮಾತೇ ಬರುವುದಿಲ್ಲ. ಅಲ್ಲಿ ಆಫ್‌ಸೆಟ್ ಡಂಪ್‌ನೊಳಗಿನ ವಿಎಂಕೋರ್‌ಇನ್ಫೋ ಟಿಪ್ಪಣಿಯಲ್ಲಿರುತ್ತದೆ, ಕ್ರ್ಯಾಶ್ ಎಂಬ ಸಾಧನ ಅದನ್ನು ತಾನೇ ಓದಿಕೊಳ್ಳುತ್ತದೆ.

ಇನ್ನು ಮಾಡ್ಯೂಲ್‌ಗಳು, ಅಂದರೆ ಓಡುತ್ತಿರುವ ಕರ್ನಲ್ಲಿಗೆ ಬೇಕಾದಾಗ ಸೇರಿಸುವ ಕೋಡಿನ ತುಂಡುಗಳು. ಕರ್ನಲ್‌ನ ಆಫ್‌ಸೆಟ್ ಇವಕ್ಕೆ ಹೊಂದದು, ಲೋಡ್ ಆದಾಗ ಪ್ರತಿಯೊಂದಕ್ಕೂ ಬೇರೆಯೇ ಜಾಗ ಸಿಗುತ್ತದೆ. ಸಿಸ್ ಡೈರೆಕ್ಟರಿಯಲ್ಲಿ ಆ ಮಾಡ್ಯೂಲ್ ಹೆಸರಿನಡಿ ಸೆಕ್ಷನ್ಸ್ ಎಂಬಲ್ಲಿ ಟೆಕ್ಸ್ಟ್ ವಿಳಾಸ ನೋಡಿ, ಆ್ಯಡ್-ಸಿಂಬಲ್-ಫೈಲ್ ಆಜ್ಞೆಗೆ ಕೊಡಿ. ಮಾಡ್ಯೂಲನ್ನು ತೆಗೆದು ಮತ್ತೆ ಹಾಕಿದರೆ ವಿಳಾಸವನ್ನೂ ಮತ್ತೆ ಓದಿಕೊಳ್ಳಬೇಕು.