ಉತ್ತರ ಗೊತ್ತಿಲ್ಲದಿದ್ದರೂ ಹೋಗುತ್ತೇನೆ

ಕಷ್ಟದಲ್ಲಿರುವವರ ಮನೆಗೆ ಹೋಗೋದು ಅಂದ್ರೆ ಎಲ್ಲರಿಗೂ ಹೆದರಿಕೆ. ಕರೆಯದಿದ್ದರೂ ಮದುವೆಗೆ ಹೋಗಿ ಉಂಡು ಬರುವ ಜನ, ಸಾಲಕ್ಕೆ ಹೊಲ ಕಳೆದುಕೊಂಡವನ ಮನೆ ಮುಂದೆ ಹಾದು ಹೋಗುವಾಗ ಮುಖ ಆ ಕಡೆ ತಿರುಗಿಸುತ್ತಾರೆ. ಅವರು ಕಲ್ಲು ಮನಸ್ಸಿನವರು ಅಂತಲ್ಲ. ಹೋಗಿ ಏನು ಮಾತಾಡಬೇಕು ಅಂತ ತೋಚುವುದಿಲ್ಲ, ಅಷ್ಟೇ.

ನಾನೂ ಹುಟ್ಟಾ ಧೈರ್ಯದವಳಲ್ಲ. ರಾಯಚೂರು ಜಿಲ್ಲೆಯ ಮಾನ್ವಿ ಹತ್ತಿರದ ಒಂದು ಊರಿನಲ್ಲಿ ಪ್ರಾಥಮಿಕ ಶಾಲೆ ಟೀಚರ್. ಕೆಲವು ವರ್ಷಗಳಿಂದ ನಮ್ಮ ಚರ್ಚಿನ ಸಭೆಯವರ ಜೊತೆ ಇಂಥ ಮನೆಗಳಿಗೆ ಹೋಗಿ ಬರುತ್ತಿದ್ದೇನೆ. ಸಾವಾದ ಮನೆ, ಬೆಳೆ ಹೋದ ಮನೆ, ಗುಳೆ ಹೋದ ಮಕ್ಕಳು ಫೋನ್ ಎತ್ತದ ಮನೆ. "ಅಲ್ಲಿ ಹೋಗಿ ಏನ್ ಹೇಳ್ತೀರಿ ಅಕ್ಕೋರೆ?" ಅಂತ ಸ್ಟಾಫ್ ರೂಮಿನಲ್ಲಿ ಕೇಳುತ್ತಾರೆ. ಬಹಳ ಸಲ ಏನೂ ಹೇಳುವುದಿಲ್ಲ. ದುಃಖಕ್ಕೆ ಕಾರಣ ಹೇಳುವುದು ನನ್ನ ಕೆಲಸ ಅಲ್ಲ, ಅದು ದೇವರಿಗೆ ಬಿಟ್ಟದ್ದು. ಇದನ್ನು ಒಪ್ಪಿಕೊಂಡ ಮೇಲೆ ಬಾಗಿಲು ತಟ್ಟೋದಕ್ಕೆ ನನಗೆ ಅಷ್ಟು ಭಯ ಆಗೋದಿಲ್ಲ.

ಇದನ್ನು ನಾನು ಪುಸ್ತಕ ಓದಿ ಕಲಿತದ್ದಲ್ಲ. 2021ರ ಮೇ ತಿಂಗಳಲ್ಲಿ, ಕೊರೋನಾದ ಎರಡನೇ ಅಲೆಯಲ್ಲಿ, ನನ್ನ ಯಜಮಾನರು ತೀರಿಕೊಂಡರು. ಏಪ್ರಿಲ್ ಕೊನೆಯಿಂದಲೇ ಲಾಕ್‌ಡೌನ್ ಇತ್ತು. ಚರ್ಚ್ ಬಾಗಿಲು ಹಾಕಿತ್ತು. ಮಣ್ಣಿಗೆ ಬಂದವರು ಬೆರಳೆಣಿಕೆ ಮಂದಿ. ವಾಟ್ಸಾಪಿನಲ್ಲಿ ಮಾತ್ರ ಬೈಬಲ್ ವಾಕ್ಯಗಳ ಸುರಿಮಳೆ. ಒಳ್ಳೆ ವಾಕ್ಯಗಳೇ, ತಪ್ಪು ಹೇಳಲಾರೆ. ಆದರೆ ಒಂದೂ ಒಳಗೆ ಇಳಿಯಲಿಲ್ಲ.

ಇಳಿದದ್ದು ಒಬ್ಬ ಅಜ್ಜಿಯ ಫೋನ್. ನಮ್ಮ ಸಭೆಯವರೇ, ಓದು ಬರಹ ಇಲ್ಲ. ದಿನಾ ಸಂಜೆ ಮೊಮ್ಮಗನ ಕೈಯಿಂದ ನಂಬರ್ ಒತ್ತಿಸಿ ಫೋನ್ ಮಾಡುತ್ತಿದ್ದರು. "ಉಂಡಿಯೇನವ್ವಾ?" ಇಲ್ಲ ಅಂದರೆ, "ಏಳು, ಒಂದು ರೊಟ್ಟಿ ತಿನ್ನು. ನಾ ಹಿಂಗೇ ಫೋನ್ ಹಿಡ್ಕೊಂಡು ಕುಂತಿರ್ತೀನಿ." ನಿಜವಾಗಲೂ ಹಿಡಿದುಕೊಂಡೇ ಕೂತಿರುತ್ತಿದ್ದರು. ಆ ಕಡೆಯಿಂದ ಫ್ಯಾನಿನ ಸದ್ದು, ಕೋಳಿ ಕೂಗು ಕೇಳುತ್ತಿತ್ತು. ನಾನು ಮುರಿದ ತುತ್ತು ಸಾರಿಗದ್ದಿ ತಿಂದು, "ಆಯ್ತು ಯಮ್ಮಾ" ಅಂದಮೇಲೆ ಸಣ್ಣದೊಂದು ಪ್ರಾರ್ಥನೆ ಮಾಡುತ್ತಿದ್ದರು: "ತಂದೀ, ಈ ಕೂಸು ಇವತ್ತು ಉಂಡೈತಿ. ನಾಳಿನೂ ಉಣ್ಣೋ ಹಂಗ ಮಾಡು." ಮುಗೀತು, ಫೋನ್ ಇಡುತ್ತಿದ್ದರು.

ಆ ಅಜ್ಜಿಗೆ ಹರೆಯದಲ್ಲೇ ಗಂಡ ಹೋಗಿದ್ದು ನನಗೆ ಆಮೇಲೆ ಗೊತ್ತಾಯಿತು. ಬೈಬಲಿನಲ್ಲಿ ಅಪೊಸ್ತಲ ಪೌಲನು ಕೊರಿಂಥದವರಿಗೆ ಬರೆದ ಎರಡನೇ ಪತ್ರದ ಮೊದಲ ಅಧ್ಯಾಯದಲ್ಲೇ ಇದನ್ನು ಹೇಳುತ್ತಾನೆ. ನಮ್ಮ ಕಷ್ಟದಲ್ಲಿ ದೇವರು ನಮ್ಮನ್ನು ಸಂತೈಸುವುದು, ಅದೇ ಆದರಣೆಯನ್ನು ನಾವು ಇನ್ನೊಬ್ಬರಿಗೆ ಕೊಡಲಿ ಅಂತ. ನನಗೆ ಸಿಕ್ಕಿದ್ದು ನನ್ನಲ್ಲೇ ಉಳಿದರೆ ಅಜ್ಜಿಯ ಸಾಲ ತೀರಿಸದ ಹಾಗೆ ಅನ್ನಿಸಿತು. ಹಾಗೆ ಶುರುವಾಯಿತು ನನ್ನ ತಿರುಗಾಟ.

ಹೋಗುವ ಮೊದಲು ನಾನು ಹೆಚ್ಚು ಓದುವುದು ಬೈಬಲಿನ ಎಲೀಯ ಪ್ರವಾದಿಯ ಕಥೆ, ಒಂದನೇ ಅರಸುಗಳು 19ನೇ ಅಧ್ಯಾಯ. ಕರ್ಮೆಲ್ ಬೆಟ್ಟದ ಮೇಲೆ ಅಷ್ಟು ದೊಡ್ಡ ಜಯ ಕಂಡ ಪ್ರವಾದಿ, ರಾಣಿ ಈಜೆಬೆಲಳ ಬೆದರಿಕೆಗೆ ಹೆದರಿ ಅಡವಿಗೆ ಓಡುತ್ತಾನೆ. ಒಂದು ಗಿಡದ ಕೆಳಗೆ ಕೂತು, ಸಾಕು, ನನ್ನ ಪ್ರಾಣ ತೆಗೆದುಬಿಡು ಅಂತ ಬೇಡುತ್ತಾನೆ. ಆಗ ದೇವರು ಅವನಿಗೆ ಬುದ್ಧಿ ಹೇಳಲಿಲ್ಲ ನೋಡಿ. ನಿದ್ದೆ ಮಾಡಲು ಬಿಟ್ಟರು. ದೂತನು ತಟ್ಟಿ ಎಬ್ಬಿಸಿ ಕೆಂಡದ ಮೇಲೆ ಸುಟ್ಟ ರೊಟ್ಟಿ, ನೀರು ಕೊಟ್ಟ. ತಿಂದು ಮತ್ತೆ ಮಲಗಿದ. ಮತ್ತೆ ಎಬ್ಬಿಸಿ ಮತ್ತೆ ರೊಟ್ಟಿ. ದಾರಿ ದೂರ ಇದೆ, ತಿನ್ನು ಅಂದ, ಅಷ್ಟೇ. ಮಾತುಕತೆ ನಡೆದದ್ದು ಆಮೇಲೆ, ಹೋರೇಬ್ ಬೆಟ್ಟದಲ್ಲಿ. ಅಲ್ಲಿಂದ ಕಳಿಸುವಾಗಲೂ ಒಬ್ಬನನ್ನೇ ಬಿಡಲಿಲ್ಲ, ಎಲೀಷ ಅನ್ನೋ ಶಿಷ್ಯನನ್ನು ಜೊತೆ ಮಾಡಿದರು.

ಈ ಕಥೆಯನ್ನು ನಾನು ಕೆಲಸದ ಕ್ರಮವಾಗಿಯೇ ಇಟ್ಟುಕೊಂಡಿದ್ದೇನೆ. ಮೊದಲು ಊಟ, ನಿದ್ದೆ. ಮಾತು ಆಮೇಲೆ. ಕೊನೆಗೆ ಜೊತೆಗೆ ಒಬ್ಬರು.

ಒಂದು ಮನೆ ಹೇಳುತ್ತೇನೆ. ಲೀಜಿಗೆ ಹೊಲ ಹಿಡಿದು ಹತ್ತಿ ಹಾಕಿದ್ದ ಮನುಷ್ಯ. ಗುಲಾಬಿ ಕಾಯಿಕೊರಕ ಬಿದ್ದು ಕಾಯಿ ಒಳಗಿಂದೊಳಗೇ ಹಾಳಾಗಿತ್ತು. ಹೊರಗಿಂದ ನೋಡಿದರೆ ಹಸಿರು, ಒಡೆದರೆ ಒಳಗೆ ಕೆಂಪು ಹುಳ. ಲೀಜಿನ ದುಡ್ಡು, ಬೀಜ ಗೊಬ್ಬರದ ಉದ್ರಿ, ಕೈಸಾಲ, ಎಲ್ಲ ಒಟ್ಟಿಗೆ ಬಂದು ಕೂತಿತ್ತು. ಹೊಲ ತನ್ನ ಹೆಸರಿನಲ್ಲಿ ಇಲ್ಲದ್ದರಿಂದ ಬ್ಯಾಂಕಿನ ಸಾಲವೂ ಇಲ್ಲ, ಬೆಳೆ ಪರಿಹಾರ ಬಂದರೂ ಪಹಣಿ ಇದ್ದವರ ಖಾತೆಗೆ. ಹೆಂಡತಿ ಬಂದು ನನ್ನ ಹತ್ತಿರ ಹೇಳಿದಳು, "ಅಕ್ಕೋರೆ, ಅವ್ರು ರಾತ್ರಿ ನಿದ್ದಿ ಮಾಡವಲ್ರು. ಎಣ್ಣಿ ಡಬ್ಬಿ ಇಟ್ಟ ಮೂಲಿನೇ ನೋಡ್ಕೋತ ಕುಂದರ್ತಾರ." ನಮ್ಮ ಕಡೆ ಎಣ್ಣಿ ಅಂದರೆ ಹೊಲಕ್ಕೆ ಹೊಡೆಯುವ ವಿಷ.

ಆ ದಿನ ನಾವು ಬೈಬಲ್ ತೆರೆಯಲೇ ಇಲ್ಲ. ಮೊದಲು ಮಾಡಿದ್ದು ಆ ಡಬ್ಬಿಗಳನ್ನು ಮನೆಯಿಂದಾಚೆ ಅವರ ಅಣ್ಣನ ಮನೆಗೆ ಸಾಗಿಸಿದ್ದು. ನಮ್ಮ ಜೊತೆ ಬಂದಿದ್ದ ಹಿರಿಯರು ಅವನ ಪಕ್ಕ ಕಟ್ಟೆ ಮೇಲೆ ಕೂತು ನೇರವಾಗಿ ಕೇಳಿದರು, "ಜೀವಕ್ಕೆ ಏನಾರ ಮಾಡ್ಕೊಳ್ಳೋ ವಿಚಾರ ಬಂದೈತೇನಪ್ಪಾ?" ಹೀಗೆ ಕೇಳಿದರೆ ಇಲ್ಲದ ವಿಚಾರ ತಲೆಗೆ ತುಂಬಿದಂತೆ ಅಂತ ತುಂಬ ಜನ ಹೆದರುತ್ತಾರೆ. ಹಾಗೇನೂ ಆಗೋದಿಲ್ಲ. ಕೇಳಿದ್ದೇ ತಡ ಆ ಮನುಷ್ಯ ಅತ್ತುಬಿಟ್ಟ. ಆ ರಾತ್ರಿ ಅವನನ್ನು ಒಬ್ಬನನ್ನೇ ಬಿಡಲಿಲ್ಲ. ಟೆಲಿ ಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ದುಡ್ಡಿಲ್ಲ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ. ಅಲ್ಲಿಗೆ ಫೋನ್ ಮಾಡಿಸಿದೆವು. ಮರುದಿನ ರಾಯಚೂರಿಗೆ ಕರೆದುಕೊಂಡು ಹೋಗಿ ಮಾನಸಿಕ ವೈದ್ಯರಿಗೆ ತೋರಿಸಿದೆವು.

ಇಲ್ಲಿ ಒಂದು ಮಾತು ಖಾರವಾಗಿಯೇ ಹೇಳಬೇಕು. "ಮಾತ್ರೆ ಯಾಕೆ, ವಿಶ್ವಾಸ ಇಲ್ವಾ?" ಅನ್ನುವ ಜನ ನಮ್ಮ ಸಭೆಗಳಲ್ಲೂ ಇದ್ದಾರೆ. ಬಿ.ಪಿ.ಗೆ ಮಾತ್ರೆ ನುಂಗಿಕೊಂಡೇ ಈ ಮಾತು ಹೇಳುತ್ತಾರೆ! ರೊಟ್ಟಿ ಕೊಟ್ಟ ದೇವರು ಮಾತ್ರೆಯನ್ನೂ ಕೊಡುತ್ತಾರೆ ಅಂತ ನಂಬಿದವಳು ನಾನು.

ಆ ಮನುಷ್ಯ ಈಗ ಚೆನ್ನಾಗಿದ್ದಾನೆ ಅಂತ ಒಂದೇ ಮಾತಿನಲ್ಲಿ ಹೇಳೋಕಾಗಲ್ಲ. ಸಾಲ ಇನ್ನೂ ಇದೆ. ಸಾಲ ಕೊಟ್ಟವರ ಜೊತೆ ಕೂತು ಕಂತು ಮಾಡಿಸಿದ್ದು ನಮ್ಮ ಹಿರಿಯರೇ. ಅದಕ್ಕೆ ಮನೆಯಲ್ಲಿ ಮಾಡುವ ಭೇಟಿಗಿಂತ ಜಾಸ್ತಿ ಧೈರ್ಯ ಬೇಕಾಯಿತು.

ಹೇಳಬಾರದ ಮಾತುಗಳ ಬಗ್ಗೆ ನಮ್ಮ ಗುಂಪಿನಲ್ಲಿ ಒಂದು ಒಪ್ಪಂದ ಇದೆ. "ಅಳಬೇಡ" ಅನ್ನೋ ಹಾಗಿಲ್ಲ. ಗೆಳೆಯ ಲಾಜರನ ಸಮಾಧಿ ಮುಂದೆ ಯೇಸುಸ್ವಾಮಿಯೇ ಕಣ್ಣೀರು ಹಾಕಿದರು, ಇನ್ನು ನಮ್ಮದೇನು. "ದೇವರ ಚಿತ್ತ" ಅನ್ನೋದೂ ಬೇಡ. ದುಃಖದಲ್ಲಿರುವವರು ತಾವೇ ಹಾಗೆ ಹೇಳಿದರೆ ತಲೆಯಾಡಿಸಬಹುದು, ನಾವಾಗಿ ಹೇಳಿದರೆ ಗಾಯದ ಮೇಲೆ ಉಪ್ಪು. ಬೈಬಲಿನಲ್ಲಿ ಮಕ್ಕಳು, ಆಸ್ತಿ ಎಲ್ಲ ಕಳೆದುಕೊಂಡ ಯೋಬನ ಗೆಳೆಯರನ್ನೇ ನೋಡಿ. ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ನೆ ಕೂತರು. ಅಲ್ಲಿಯವರೆಗೆ ಒಳ್ಳೆಯ ಗೆಳೆಯರೇ. ಬಾಯಿ ತೆರೆದು, ನೀನು ಏನೋ ಪಾಪ ಮಾಡಿರಬೇಕು ಅಂತ ಶುರು ಮಾಡಿದಾಗ ಎಲ್ಲ ಕೆಟ್ಟಿತು. ಕೊನೆಗೆ ದೇವರ ಕೋಪ ಆದದ್ದೂ ಅವರ ಮೇಲೆಯೇ, ಗೊಣಗಿದ ಯೋಬನ ಮೇಲಲ್ಲ.

ವಾಕ್ಯ ಓದುವುದು ಬೇಡ ಅಂತಲ್ಲ. ಸಮಯ ನೋಡಿ ಓದಬೇಕು. ನಾನು ಹೆಚ್ಚಾಗಿ ಓದುವುದು ದುಃಖದ ಕೀರ್ತನೆಗಳನ್ನು. 13, 42, ಒಮ್ಮೊಮ್ಮೆ 88. ಈ 88ನೇ ಕೀರ್ತನೆಗೆ ಸುಖಾಂತ್ಯವೇ ಇಲ್ಲ, ಕತ್ತಲೆಯಲ್ಲೇ ಮುಗಿಯುತ್ತದೆ. ಮಗನನ್ನು ಕಳೆದುಕೊಂಡ ಒಬ್ಬ ತಾಯಿ ಅದನ್ನು ಕೇಳಿ, "ಇಂಥದ್ದೂ ಬೈಬಲ್‌ನ್ಯಾಗ ಐತೇನ್ರಿ? ಹಂಗಾದ್ರ ನಾ ದೇವ್ರ ಮ್ಯಾಲ ಸಿಟ್ಟಾಗಿದ್ದು ತಪ್ಪಲ್ಲ" ಅಂದರು. ಆ ಮನೆಯಲ್ಲಿ ನಾನು ಬೇರೆ ಏನೂ ಹೇಳಬೇಕಾಗಲಿಲ್ಲ. ಬೈಬಲಿನ ಈ ಮಾತುಗಳು ನಮಗೆ ಕನ್ನಡದಲ್ಲಿ ಸಿಕ್ಕಿದ್ದೂ ನಮ್ಮ ನೆರೆಯ ಬಳ್ಳಾರಿಯಿಂದ. ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಅಲ್ಲಿಗೆ ಬಂದು ಕನ್ನಡ ಕಲಿತು ಅನುವಾದಕ್ಕೆ ಕೂತವರು. ಪೂರ್ತಿ ಬೈಬಲ್ ಆಗಲು 1831 ಬಂತು. ಅಷ್ಟು ವರ್ಷ ಒಂದೇ ಕೆಲಸಕ್ಕೆ ಅಂಟಿಕೊಂಡವರ ಮುಂದೆ ನಮ್ಮ ವಾರದ ಒಂದೆರಡು ಭೇಟಿ ಏನು ದೊಡ್ಡದು ಅಂತ ನನಗೆ ನಾನೇ ಹೇಳಿಕೊಳ್ಳುತ್ತೇನೆ, ವಿಶೇಷವಾಗಿ ರಾಯಚೂರಿನ ಏಪ್ರಿಲ್ ಬಿಸಿಲಿನಲ್ಲಿ.

ನಾವು ಹೋಗುವ ಮನೆಗಳಲ್ಲಿ ನಮ್ಮವರಲ್ಲದವರ ಮನೆಗಳೂ ಇವೆ. ಶಾಲೆ ಮಕ್ಕಳ ಮನೆ, ಅಕ್ಕಪಕ್ಕದ ಮನೆ. ಅಲ್ಲಿ ಕೇಳದೆ ಪ್ರಾರ್ಥನೆ ಮಾಡುವುದಿಲ್ಲ. ಬೇಡ ಅಂದರೆ ಬೇಡ. ಕಷ್ಟದಲ್ಲಿರುವವರ ಮನೆಗೆ ಹೋಗಿ ಅವರ ದುಃಖವನ್ನು ಧರ್ಮದ ವ್ಯಾಪಾರ ಮಾಡಿಕೊಳ್ಳುವುದು ನನಗೆ ಹೇಸಿಗೆ. ಗಂಡನನ್ನು ಕಳೆದುಕೊಂಡ ಒಬ್ಬ ತಂಗಿಯ ಜೊತೆ ನಾನು ಓಡಾಡಿದ್ದು ತಹಶೀಲ್ದಾರ್ ಕಚೇರಿಗೆ. ರೈತ ಆತ್ಮಹತ್ಯೆ ಆದರೆ ಪರಿಹಾರ ಸಿಗಬೇಕೋ ಬೇಡವೋ ಅಂತ ತೀರ್ಮಾನಿಸುವುದು ಸಹಾಯಕ ಆಯುಕ್ತರ ಸಮಿತಿ. ಅದಕ್ಕೆ ಎಫ್‌ಐಆರ್, ಪೋಸ್ಟ್‌ಮಾರ್ಟಂ ವರದಿ, ಪಹಣಿ, ಸಾಲದ ಕಾಗದ ಎಲ್ಲ ಜೋಡಿಸಬೇಕು. ಆ ಕಾಗದಗಳನ್ನು ಒಂದು ಬಟ್ಟೆ ಅಂಗಡಿ ಕವರಿನಲ್ಲಿ ಹಾಕಿಕೊಂಡು ಮಡಿಲಲ್ಲಿ ಗಟ್ಟಿಯಾಗಿ ಹಿಡಿದು ಬಸ್ಸಿನಲ್ಲಿ ಕೂತಿರುತ್ತಿದ್ದಳು. ಒಂದು ದಿನ ಅವಳೇ ಅಂದಳು, "ನಿಮ್ ದೇವ್ರಿಗೆ ನೀವು ಹೇಳ್ರಿ ಅಕ್ಕೋರೆ, ನಮ್ ದೇವ್ರಿಗೆ ನಾ ಹೇಳ್ತೀನಿ." ಹಾಗೇ ಮಾಡಿದೆವು.

ಊರಿಗೆ ಊರೇ ಹೆದರಿದ್ದಾಗ ಏನು ಮಾಡೋದು? 2024ರ ಆಗಸ್ಟ್ 10, ಶನಿವಾರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟಿನ ಚೈನ್ ಕಡಿದು ಗೇಟೇ ಕೊಚ್ಚಿಕೊಂಡು ಹೋಯಿತು. ನಮ್ಮದು ಎಡದಂಡೆ ಕಾಲುವೆಯ ಕೊನೆ ಭಾಗ. ಡ್ಯಾಮು ತುಂಬಿದ ವರ್ಷವೇ ನಮಗೆ ನೀರು ಬಂದರೆ ಬಂತು. ಈಗ ತುಂಬಿದ ನೀರೂ ಹೊಳೆ ಪಾಲು. ಕೆಲವರದ್ದು ನಾಟಿ ಆಗಿತ್ತು, ಕೆಲವರದ್ದು ಸಸಿ ಇನ್ನೂ ಮಡಿಯಲ್ಲಿತ್ತು. ಭಾನುವಾರ ಬೆಳಗ್ಗೆ ಆರಾಧನೆಗೆ ಬಂದವರ ಮುಖದಲ್ಲಿ ರಕ್ತವಿಲ್ಲ. ನಮ್ಮ ಪಾಸ್ಟರ್ ಅಯ್ಯನವರು ಆ ದಿನದ ಬೋಧನೆ ಪಕ್ಕಕ್ಕಿಟ್ಟರು. ಯಾರಿಗೆ ಏನು ಭಯ ಇದೆಯೋ ಎದ್ದು ನಿಂತು ಹೇಳಿ ಅಂದರು. ಒಬ್ಬೊಬ್ಬರಾಗಿ ಹೇಳಿದರು. ಮಗಳ ಮದುವೆ, ಟ್ರ್ಯಾಕ್ಟರ್ ಕಂತು, ಮತ್ತೆ ಬೆಂಗಳೂರಿಗೆ ಗುಳೆ. ಒಬ್ಬೊಬ್ಬರು ಹೇಳಿದ ಮೇಲೂ ಪಕ್ಕದವರು ಅವರ ಹೆಸರು ಹಿಡಿದು ಪ್ರಾರ್ಥನೆ ಮಾಡಿದರು. ಆ ವಾರ ಸಂಜೆಗೆಲ್ಲ ಯಾರೂ ಒಬ್ಬರೇ ಟಿ.ವಿ. ಮುಂದೆ ಕೂತಿರಬಾರದು ಅಂತ ಮನೆ ಮನೆಗೆ ಹೋದೆವು.

ಒಂದು ವಾರದಲ್ಲಿ ಸ್ಟಾಪ್‌ಲಾಗ್ ಅನ್ನೋ ತಾತ್ಕಾಲಿಕ ಉಕ್ಕಿನ ತಡೆ ಇಳಿಸಿ ನೀರು ನಿಲ್ಲಿಸಿದರು. ನಾವು ಪ್ರಾರ್ಥಿಸಿದ್ದಕ್ಕೇ ನಿಂತಿತು ಅಂತ ನಾನು ಎಲ್ಲೂ ಸಾಕ್ಷಿ ಹೇಳಿಲ್ಲ. ಹರಿಯುವ ನೀರಿನ ಮೇಲೆ ಜೀವ ಪಣಕ್ಕಿಟ್ಟು ಕೆಲಸ ಮಾಡಿದವರಿಗೆ ಅದರ ಹೆಸರು ಸಲ್ಲಬೇಕು. ಅವರಿಗಾಗಿಯೂ ನಾವು ಪ್ರಾರ್ಥಿಸಿದ್ದೆವು ಅನ್ನೋದು ನಿಜ.

ಇನ್ನೊಂದು. ಒಬ್ಬರೇ ಹೋಗುವುದಿಲ್ಲ. ಯೇಸುಸ್ವಾಮಿ ಶಿಷ್ಯರನ್ನು ಇಬ್ಬಿಬ್ಬರಾಗಿ ಕಳಿಸಿದರು, ನಾವೂ ಹಾಗೇ. ಒಬ್ಬರಿಗೆ ಮಾತು ನಿಂತರೆ ಇನ್ನೊಬ್ಬರು ಇರುತ್ತಾರೆ. ವಾಪಸು ಬರುವಾಗ ಬಸ್‌ಸ್ಟ್ಯಾಂಡಿನಲ್ಲಿ ಚಹಾ ಕುಡಿಯುತ್ತಾ ನಮ್ಮ ಮನಸ್ಸಿನ ಭಾರವನ್ನೂ ಇಳಿಸಿಕೊಳ್ಳುತ್ತೇವೆ. ಬೇರೆಯವರ ಗುಟ್ಟು ಆ ಚಹಾದಂಗಡಿಯಿಂದ ಮುಂದೆ ಹೋಗಬಾರದು, ಅದೂ ಒಪ್ಪಂದ. ಸಾವಾಗಿ ತಿಂಗಳಾದ ಮೇಲೆ ನೆಂಟರೆಲ್ಲ ಖಾಲಿಯಾಗುತ್ತಾರಲ್ಲ, ನಮ್ಮ ನಿಜವಾದ ಕೆಲಸ ಆಗ. ಅದಕ್ಕೊಂದು ಪಟ್ಟಿ ಇಟ್ಟಿದ್ದೇವೆ, ಯಾವ ಮನೆಗೆ ಯಾವ ಜೋಡಿ ಅಂತ.

ಆ ಪಟ್ಟಿಗೆ, ಭೇಟಿಗೆ ಹೋಗುವವರ ಸಾಲಿಗೆ, ಈಗ ಒಬ್ಬ ಹುಡುಗನ ಹೆಸರು ಸೇರಿಸಬೇಕು ಅನ್ನೋ ಮಾತು ನಡೆದಿದೆ. ಕುಡಿತಕ್ಕೆ ಬಿದ್ದು ಸಭೆಯ ಎಷ್ಟೋ ಜನರ ಹತ್ತಿರ ಸಾಲ ಮಾಡಿ ತಿರುಗಿ ಕೊಡದವನು. ಚಿಕಿತ್ಸೆ ಮುಗಿಸಿ ಬಂದಾಗ ಯಾರೂ ಅವನ ಬೆಂಚಿನಲ್ಲಿ ಕೂರಲಿಲ್ಲ. ಸಾರಿಗೆ ಬಸ್ಸಿನ ಡ್ರೈವರಾಗಿ ರಿಟೈರ್ ಆದ ಒಬ್ಬರು ಮಾತ್ರ ವಾರ ವಾರ ಹೋಗಿ ಅವನ ಪಕ್ಕ ಕೂತರು. ಆರಾಧನೆ ಮುಗಿದ ಮೇಲೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ತಿನ್ನಲು ಕರೆದುಕೊಂಡು ಹೋದರು. ಕುಡಿತದ ಬಗ್ಗೆ ಒಂದು ಮಾತೂ ಎತ್ತಲಿಲ್ಲವಂತೆ. ಮೊದಲು ವಿಶ್ವಾಸಿಗಳನ್ನು ಹಿಂಸಿಸುತ್ತಿದ್ದ ಸೌಲನನ್ನು (ಮುಂದೆ ಪೌಲನಾದವನು ಇವನೇ) ಕಂಡು ಯೆರೂಸಲೇಮಿನ ಶಿಷ್ಯರೆಲ್ಲ ಹೆದರಿದ್ದಾಗ ಬಾರ್ನಬ ಕೈಹಿಡಿದು ಕರೆತಂದದ್ದೂ, ಹಿಂದೊಮ್ಮೆ ನಡುದಾರಿಯಲ್ಲಿ ಬಿಟ್ಟುಹೋಗಿದ್ದ ಮಾರ್ಕನನ್ನು ಪೌಲನೇ ಬೇಡ ಅಂದಾಗ ಬಾರ್ನಬ ಬಿಡದೆ ಜೊತೆಗೆ ಕರೆದುಕೊಂಡು ಹೋದದ್ದೂ ನೆನಪಿಗೆ ಬಂತು. ಅದೇ ಮಾರ್ಕನನ್ನು ಪೌಲ ಮುಂದೆ ತನಗೆ ಬೇಕಾದವನು ಅಂತ ಕರೆಸಿಕೊಳ್ಳುತ್ತಾನೆ.

ಈಗ ರಾತ್ರಿ ಹೊತ್ತು ಯಾರನ್ನಾದರೂ ರಾಯಚೂರಿನ ಆಸ್ಪತ್ರೆಗೆ ಸಾಗಿಸಬೇಕಾದರೆ ಗಾಡಿ ಹೊಡೆಯುವವನು ಆ ಹುಡುಗನೇ. ಕುಡಿಯುವ ಗಂಡಸರಿರುವ ಮನೆಗೆ ನಮಗಿಂತ ಅವನು ಹೋಗಿ ಕೂತರೆ ಹೆಚ್ಚು ಉಪಯೋಗ ಅಂತ ನನ್ನ ವಾದ. ಇಬ್ಬರು ಹಿರಿಯರು ಇನ್ನೂ ಒಪ್ಪಿಲ್ಲ. ಕೊಟ್ಟ ದುಡ್ಡು ಮೊದಲು ಬರಲಿ ಅನ್ನುತ್ತಾರೆ. ಅವರ ಮಾತೂ ಸುಳ್ಳಲ್ಲ. ಒಬ್ಬರದ್ದು ಅವನು ಈ ತಿಂಗಳು ಕೊಟ್ಟಿದ್ದಾನೆ. ಬರುವ ಭಾನುವಾರ ಮತ್ತೆ ಕೂತು ಮಾತಾಡಬೇಕು.