ನೈಟ್ರೈಡ್ ಪುಡಿ ಮಾಡುವುದು ಹೇಗೆ? ಮೊದಲು ತೂಕ ಸರಿ ಮಾಡಿಕೊಳ್ಳಿ

ಅಲ್ಯೂಮಿನಿಯಂ ನೈಟ್ರೈಡ್‌ನ ನ್ಯಾನೊ ಪುಡಿ ಮಾಡಲು ಹೊರಡುವ ಫೈನಲ್ ಇಯರ್ ಹುಡುಗರು ಎಡವುವುದು ಬೆಂಕಿಯ ಹತ್ತಿರ ಅಲ್ಲ, ತಕ್ಕಡಿಯ ಹತ್ತಿರ. ಅದರಲ್ಲೂ ಹಾಸನದ ಜುಲೈ ತಿಂಗಳಲ್ಲಿ.

ನೈಟ್ರೈಡ್ ಮಾಡಲು ಶುರು ಮಾಡುವುದು ಅಲ್ಯೂಮಿನಿಯಂ ನೈಟ್ರೇಟ್ ಎಂಬ ಉಪ್ಪಿನಿಂದ. ಅದು ಗಾಳಿಯ ತೇವ ಎಳೆದುಕೊಳ್ಳುತ್ತದೆ. ಮುಚ್ಚಳ ತೆಗೆದಿಟ್ಟು ಟೀ ಕುಡಿದು ಬನ್ನಿ, ಹರಳುಗಳು ಒದ್ದೆಯಾಗಿ ಚಮಚಕ್ಕೆ ಅಂಟಿಕೊಂಡಿರುತ್ತವೆ. ಆಮೇಲೆ ತಕ್ಕಡಿ 20 ಗ್ರಾಂ ತೋರಿಸಿದರೂ ಅದರಲ್ಲಿ ಒಂದಿಷ್ಟು ಬರೀ ನೀರು. ಮುಂದಿನ ಲೆಕ್ಕ ಎಲ್ಲಾ ಕೆಟ್ಟ ಹಾಗೆಯೇ. ಹಾಗಾಗಿ ನೈಟ್ರೇಟ್ ಅನ್ನು ತೇವ ತಾಕದ ಮುಚ್ಚಿದ ಪಾತ್ರೆ, ಅಂದರೆ ಡೆಸಿಕೇಟರ್‌ನಲ್ಲಿ ಇಡಿ, ಬೇಕಾದಷ್ಟನ್ನೇ ಹೊರಗೆ ತೆಗೆಯಿರಿ, ತೂಗಿದ ಕೂಡಲೇ ನೀರಿಗೆ ಹಾಕಿ. ಅಂಟುವ ಹರಳನ್ನು ಬಳಸಲೇಬೇಡಿ.

ಅಳತೆ: 20 ಗ್ರಾಂ ನೈಟ್ರೇಟ್‌ಗೆ 8 ಗ್ರಾಂ ಯೂರಿಯಾ, ಇದು ಉರಿಯಲು ಬೇಕಾದ ಇಂಧನ. 1988ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಕಿಂಗ್ಸ್ಲಿ ಮತ್ತು ಕೆ.ಸಿ. ಪಾಟೀಲ್ ಅಲ್ಯೂಮಿನಾ (ಅಲ್ಯೂಮಿನಿಯಂ ಆಕ್ಸೈಡ್) ಮಾಡಿದ್ದು ಇದೇ ದಾರಿಯಲ್ಲಿ. ಸೊಸೈಟಿಯಲ್ಲಿ ಗೊಬ್ಬರಕ್ಕೆ ಸಿಗುವ ಯೂರಿಯಾ ತರಬೇಡಿ, ಅದಕ್ಕೆ ಬೇವಿನ ಎಣ್ಣೆ ಲೇಪಿಸಿರುತ್ತಾರೆ. ಲ್ಯಾಬ್ ಗ್ರೇಡ್‌ದೇ ಬೇಕು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. ನೈಟ್ರೇಟ್‌ನಲ್ಲೂ ಯೂರಿಯಾದಲ್ಲೂ ಸಾರಜನಕ ಇದೆ, ಉರಿಸಿದರೆ ನೈಟ್ರೈಡ್ ಸಿಗುತ್ತದೆ ಅಂತ ತುಂಬಾ ಜನ ಅಂದುಕೊಂಡಿರುತ್ತಾರೆ. ಇಲ್ಲ. ಗಾಳಿಯಲ್ಲಿ ಉರಿದರೆ ಸಿಗುವುದು ಆಕ್ಸೈಡ್. ಅದರ ಆಮ್ಲಜನಕ ಕಿತ್ತುಕೊಳ್ಳಲು ಇಂಗಾಲ ಬೇಕು, ಅದಕ್ಕೇ ದ್ರಾವಣಕ್ಕೆ ಗ್ಲೂಕೋಸ್ ಸೇರಿಸುವುದು. ಕಾಗದದ ಲೆಕ್ಕಕ್ಕೆ 2.4 ಗ್ರಾಂ ಸಾಕು, ಆದರೆ ಉರಿಯುವಾಗ ಬಹಳಷ್ಟು ಸುಟ್ಟುಹೋಗುತ್ತದೆ, ಮೂರ್ನಾಲ್ಕು ಪಟ್ಟು ಹಾಕಿ. ಉರಿದ ಪುಡಿ ಕಪ್ಪಗಿರಬೇಕು. ಬೆಳ್ಳಗಿದ್ದರೆ ಇಂಗಾಲ ಉಳಿದಿಲ್ಲ ಅಂತ ಅರ್ಥ, ಮುಂದಿನ ಹಂತಕ್ಕೆ ಹೋಗಿ ಸಾರಜನಕದ ಗ್ಯಾಸ್ ಸುಮ್ನೆ ಖರ್ಚು ಮಾಡಬೇಡಿ.

ಉರಿಸುವುದು ಸುಲಭ. ಅಗಲವಾದ ಬೋರೋಸಿಲಿಕೇಟ್ ಬಟ್ಟಲಿಗೆ ದ್ರಾವಣ ಹಾಕಿ 500 ಡಿಗ್ರಿ ಸೆಲ್ಸಿಯಸ್ ಇರುವ ಮುಚ್ಚಿದ ಕುಲುಮೆ, ಅಂದರೆ ಮಫಲ್ ಫರ್ನೇಸ್‌ನಲ್ಲಿಡಿ, ಐದಾರು ನಿಮಿಷದಲ್ಲಿ ಮುಗಿಯುತ್ತದೆ. ಆದರೆ ಬಟ್ಟಲಿನ ಹತ್ತನೇ ಒಂದು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ. ಉರಿಯುವಾಗ ಬರುವ ಕಂದು ಹೊಗೆ ವಿಷ, ಫ್ಯೂಮ್ ಹುಡ್ (ಹೊಗೆಯನ್ನು ಹೊರಗೆಳೆಯುವ ಗೂಡು) ಇಲ್ಲದ ಕಡೆ ಈ ಕೆಲಸ ಬೇಡವೇ ಬೇಡ.

ಇನ್ನು ಟ್ಯೂಬ್ ಫರ್ನೇಸ್, ಅಂದರೆ ಕೊಳವೆ ಕುಲುಮೆ. ಕಪ್ಪು ಪುಡಿ ನೈಟ್ರೈಡ್ ಆಗುವುದು ಇಲ್ಲಿ. ಶುದ್ಧ ಸಾರಜನಕ ಹರಿಸುತ್ತಾ 1400ರಿಂದ 1500 ಡಿಗ್ರಿಯಲ್ಲಿ ಕೆಲವು ಗಂಟೆ ಕಾಯಿಸಿ. ಹೊರಬರುವ ಗಾಳಿಯಲ್ಲಿ ಕಾರ್ಬನ್ ಮಾನಾಕ್ಸೈಡ್ ಇರುತ್ತದೆ, ಪೈಪನ್ನು ಕಟ್ಟಡದಿಂದ ಹೊರಗೆ ಬಿಡಿ. ವೆಲ್ಡಿಂಗ್ ಅಂಗಡಿಯ ಅಗ್ಗದ ಸಾರಜನಕ ಸಿಲಿಂಡರ್ ತರಬೇಡಿ, ಅದರಲ್ಲಿರುವ ಸ್ವಲ್ಪ ಆಮ್ಲಜನಕವೇ ಪುಡಿ ಕೆಡಿಸಲು ಸಾಕು. ಉಳಿದ ಇಂಗಾಲವನ್ನು ಗಾಳಿಯಲ್ಲಿ 650 ಡಿಗ್ರಿಯಲ್ಲಿ ಸುಟ್ಟರೆ ಬೂದು ಮಿಶ್ರಿತ ಬಿಳಿ ಪುಡಿ ಸಿಗುತ್ತದೆ. ತಕ್ಷಣ ಒಣ ಡಬ್ಬಿಗೆ ಹಾಕಿ ಬಿಗಿಯಾಗಿ ಮುಚ್ಚಿ. ತೇವ ತಾಕಿದರೆ ನೈಟ್ರೈಡ್ ಒಡೆದು ಹೈಡ್ರಾಕ್ಸೈಡ್ ಆಗುತ್ತದೆ, ಡಬ್ಬಿಯಿಂದ ಅಮೋನಿಯಾ ವಾಸನೆ ಬರುತ್ತದೆ.

ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್-ರೇ ಹಾಯಿಸಿ ಹರಳಿನ ರಚನೆ ಗುರುತಿಸುವ ಪರೀಕ್ಷೆ) 33.2, 36.0 ಮತ್ತು 37.9 ಡಿಗ್ರಿ ಕೋನದ ಶಿಖರಗಳನ್ನು ನೋಡಿ. ಇವು ನೈಟ್ರೈಡ್‌ನವು. 43.3ರ ಹತ್ತಿರ ಇನ್ನೊಂದು ಎದ್ದಿದ್ದರೆ ಅದು ಅಲ್ಯೂಮಿನಾ. ಮುಂದಿನ ಬ್ಯಾಚ್‌ಗೆ ಗ್ಲೂಕೋಸ್ ಸ್ವಲ್ಪ ಹೆಚ್ಚಿಸಿ.