30×40 ಸೈಟಿನಲ್ಲಿ ಎಸಿ ಬೇಡದ ಮನೆ: ಪಾಯ ತೋಡುವ ಮೊದಲೇ ತೀರ್ಮಾನಿಸಿ

ಬೆಂಗಳೂರಿನ ಏಪ್ರಿಲ್‌ನಲ್ಲಿ ಮಧ್ಯಾಹ್ನ 34 ಡಿಗ್ರಿ ಕಾದರೂ ಬೆಳಗಿನ ಜಾವಕ್ಕೆ ಹೊರಗೆ 22ರ ಆಸುಪಾಸಿಗೆ ಇಳಿಯುತ್ತದೆ. ಹಗಲಿನ ಬಿಸಿಯನ್ನು ಹೊರಗೇ ತಡೆದು, ರಾತ್ರಿಯ ತಂಪನ್ನು ಒಳಗೆ ಬಿಟ್ಟುಕೊಂಡರೆ ಸಣ್ಣ ಮನೆಗೆ ಫ್ಯಾನ್ ಸಾಕು. ಇದನ್ನೆಲ್ಲ ನಕ್ಷೆಯಲ್ಲೇ ಗೊತ್ತುಮಾಡಬೇಕು.

ಮೊದಲು ತಾರಸಿ

ದಿನವಿಡೀ ಬಿಸಿಲು ಬೀಳುವುದು ಇಲ್ಲಿಗೇ. 5 ಇಂಚಿನ ಕಾಂಕ್ರೀಟ್ ಸಂಜೆಯವರೆಗೆ ಕಾದು, ನಾವು ಮಲಗುವ ಹೊತ್ತಿಗೆ ಆ ಬಿಸಿಯನ್ನು ಕೆಳಗೆ ಬಿಡುತ್ತದೆ. ಹಣ ಬಿಗಿಯಿದ್ದರೆ ಬೇರೆಲ್ಲಾದರೂ ಕಡಿಮೆ ಮಾಡಿ, ಇಲ್ಲಿ ಮಾತ್ರ ಬೇಡ. ವಾಟರ್‌ಪ್ರೂಫಿಂಗ್ ಮೇಲೆ 2 ಇಂಚಿನ ಎಕ್ಸ್‌ಪಿಎಸ್ (ಬಿಸಿ ತಡೆಯುವ ಗಟ್ಟಿ ಫೋಮ್) ಶೀಟು ಹಾಸಿ, ಅದರ ಮೇಲೆ ಗಾರೆ, ಕೊನೆಗೆ ಬಿಳಿ ಚೈನಾ ಮೊಸಾಯಿಕ್, ಅಂದರೆ ಒಡೆದ ಬಿಳಿ ಟೈಲ್ ಚೂರುಗಳ ಹಾಸು. ಶೀಟು ಸ್ಲ್ಯಾಬಿನ ಮೇಲೆಯೇ ಇರಬೇಕು. ಕೆಳಗೆ ಫಾಲ್ಸ್ ಸೀಲಿಂಗಿನಲ್ಲಿ ಹಾಕಿಸಿದರೆ ಕಾಂಕ್ರೀಟ್ ಹೇಗೂ ಕಾಯುತ್ತದೆ. ಪ್ರತಿ 10 ಅಡಿಗೆ ಒಂದೂಕಾಲು ಇಂಚು ಇಳಿಜಾರು ಕೊಡಿಸಿ. ನೀರು ನಿಂತರೆ ಪಾಚಿ ಕಟ್ಟುತ್ತದೆ, ಕಪ್ಪಾದ ಬಿಳುಪು ಬಿಸಿಲನ್ನು ಹಿಂದಕ್ಕೆ ಕಳಿಸುವುದಿಲ್ಲ. ಹಾಗಾಗಿ ಫೆಬ್ರುವರಿಯಲ್ಲೊಮ್ಮೆ ತಾರಸಿ ಉಜ್ಜಿ ತೊಳೆಯಬೇಕು.

ಕಂಬಿಗಳ ನಡುವೆ ಕಾಂಕ್ರೀಟಿನ ಕೆಳಭಾಗದಲ್ಲಿ ಮಂಗಳೂರು ಹೆಂಚು ಇಟ್ಟು ಹಾಕುವ ಫಿಲ್ಲರ್ ಸ್ಲ್ಯಾಬು ಕಾಂಕ್ರೀಟ್ ಉಳಿಸುತ್ತದೆ, ಬಿಸಿಯನ್ನೂ ಒಂದಿಷ್ಟು ತಡೆಯುತ್ತದೆ. ಹೆಂಚನ್ನು ಮೊದಲೇ ನೀರಲ್ಲಿ ನೆನೆಸದಿದ್ದರೆ ಅದು ಕಾಂಕ್ರೀಟಿನ ನೀರನ್ನು ಹೀರುತ್ತದೆ. ಕಂಬಿಯ ಲೆಕ್ಕ ಸ್ಟ್ರಕ್ಚರಲ್ ಎಂಜಿನಿಯರ್‌ದೇ ಆಗಬೇಕು, ಮೇಸ್ತ್ರಿಯ ಅಂದಾಜು ಸಲ್ಲದು.

ಪಶ್ಚಿಮದ ಗೋಡೆ

ಏಪ್ರಿಲ್ ಸಂಜೆ 4ಕ್ಕೆ ಸೂರ್ಯ ಸುಮಾರು 36 ಡಿಗ್ರಿ ಎತ್ತರದಲ್ಲಿರುತ್ತಾನೆ. 2 ಅಡಿ ಸಜ್ಜಾ ಹಾಕಿಸಿದರೂ 4 ಅಡಿ ಕಿಟಕಿಯಲ್ಲಿ ನೆರಳಾಗುವುದು ಒಂದೂವರೆ ಅಡಿ ಮಾತ್ರ. ಆದ್ದರಿಂದ ಆ ಕಡೆ ಬಚ್ಚಲು, ಮೆಟ್ಟಿಲು, ಯುಟಿಲಿಟಿ ಇಡಿ. ವಾಸ್ತು ಪ್ರಕಾರ ನೈಋತ್ಯದಲ್ಲಿ ಮಲಗುವ ಕೋಣೆ ಬೇಕೆನ್ನುವವರು ಬಹಳ. ಹಾಗಿದ್ದರೆ ಪಶ್ಚಿಮದ ಗೋಡೆಗೆ ಉದ್ದಕ್ಕೂ ವಾರ್ಡ್‌ರೋಬ್ ಕೊಟ್ಟು ಕಿಟಕಿಯನ್ನು ದಕ್ಷಿಣಕ್ಕೆ ತೆಗೆಯಿರಿ. ಈ ಗೋಡೆ 6 ಇಂಚಿನ ಕಾಂಕ್ರೀಟ್ ಬ್ಲಾಕಿನದ್ದಾಗಬಾರದು. 9 ಇಂಚಿನ ಮಣ್ಣಿನ ಬ್ಲಾಕು ಒಳ್ಳೆಯದು. ಭಾರತೀಯ ವಿಜ್ಞಾನ ಸಂಸ್ಥೆಯವರು 1970ರ ದಶಕದಿಂದ ಇದರ ಮೇಲೆ ಕೆಲಸ ಮಾಡುತ್ತ ಬಂದಿದ್ದಾರೆ. ಪಾಯದ ಕೆಂಪು ಮಣ್ಣಿಗೆ ಎಂ-ಸ್ಯಾಂಡ್ (ಕಲ್ಲು ಪುಡಿಮಾಡಿದ ಮರಳು) ಮತ್ತು ಶೇ 7–8 ಸಿಮೆಂಟ್ ಬೆರೆಸಿ ಒತ್ತಿಸಿ, 21 ದಿನ ನೀರುಣಿಸಿ. ಜೇಡಿ ಹೆಚ್ಚಾದರೆ ಬ್ಲಾಕು ಬಿರುಕು ಬಿಡುತ್ತದೆ. ಕ್ಯೂರಿಂಗ್ ತಪ್ಪಿದರೆ ಮಳೆಗೆ ಅಂಚು ಉದುರುತ್ತದೆ.

ಚಳಿಗೆ ದಕ್ಷಿಣದ ಕಿಟಕಿ

ಡಿಸೆಂಬರ್ ನಡುಮಧ್ಯಾಹ್ನ ಸೂರ್ಯ ದಕ್ಷಿಣದಲ್ಲಿ ಸುಮಾರು 53 ಡಿಗ್ರಿಗೆ ಬಾಗಿರುತ್ತಾನೆ. 4 ಅಡಿ ಎತ್ತರದ ಕಿಟಕಿಗೆ ತಲೆಮಟ್ಟದಲ್ಲೇ ಒಂದೂವರೆ ಅಡಿ ಸಜ್ಜಾ ಕೊಟ್ಟರೆ ಆಗ ಅರ್ಧ ಕಿಟಕಿಗೆ ಬಿಸಿಲು ಬರುತ್ತದೆ, ಮಾರ್ಚ್ ಕೊನೆಯ ನಡುಹಗಲಿಗೆ ಪೂರ್ತಿ ನೆರಳು. ಈ ಊರಿನ ಚಳಿಗೆ ಇಷ್ಟೇ ಸಾಕು.

ಗಾಳಿ

ಮನೆಗಳಲ್ಲಿ ವಿದ್ಯುತ್ ಉಳಿಸಲೆಂದು ಕೇಂದ್ರ ಸರ್ಕಾರ ತಂದ 2018ರ ಇಕೋ ನಿವಾಸ್ ಸಂಹಿತೆ ದೊಡ್ಡ ನಿವೇಶನಗಳಿಗಾಗಿ ಮಾಡಿದ್ದು, ಆದರೆ ಅದರ ಅಳತೆ ಸಣ್ಣ ಮನೆಗೂ ಹೊಂದುತ್ತದೆ: ನಮ್ಮಂಥ ಸಮಶೀತೋಷ್ಣ ಊರಿನಲ್ಲಿ ತೆರೆಯಬಲ್ಲ ಕಿಟಕಿ ನೆಲದ ವಿಸ್ತೀರ್ಣದ ಎಂಟನೇ ಒಂದು ಭಾಗ ಇರಬೇಕು. 10×12 ಕೋಣೆಗೆ 15 ಚದರಡಿ. ಎಲ್ಲರೂ ಎಡವುವುದು ಇಲ್ಲೇ. 4×4 ಸ್ಲೈಡಿಂಗ್ ಕಿಟಕಿ ನೋಡಲು 16 ಚದರಡಿ, ತೆರೆಯುವುದು 8 ಮಾತ್ರ. ಬಾಗಿಲಿನಂತೆ ತೆರೆಯುವ ಕಿಟಕಿಯನ್ನೇ ಹಾಕಿಸಿ. ಎದುರು ಗೋಡೆಯಲ್ಲೂ ದಾರಿಯಿಲ್ಲದಿದ್ದರೆ ಗಾಳಿ ಒಳಬರುವುದಿಲ್ಲ. ಗ್ರಿಲ್ ಮತ್ತು ಸೊಳ್ಳೆಪರದೆ ಮೊದಲ ದಿನದಿಂದಲೇ ಇರಲಿ, ಇಲ್ಲವಾದರೆ ಸಂಜೆ 6ಕ್ಕೇ ಕಿಟಕಿ ಮುಚ್ಚಿ ಇಡೀ ಲೆಕ್ಕ ತಲೆಕೆಳಗಾಗುತ್ತದೆ. ಪರದೆ ಗಾಳಿಯನ್ನು ತುಸು ತಡೆಯುವುದರಿಂದ ಕಿಟಕಿ ಒಂದು ಕೈ ದೊಡ್ಡದೇ ಇರಲಿ.

ಬಿಸಿಗಾಳಿ ಮೇಲೇರುತ್ತದೆ, ಅದಕ್ಕೆ ದಾರಿ ಹೆಡ್‌ರೂಮ್, ಅಂದರೆ ತಾರಸಿಗೆ ಹೋಗುವ ಮೆಟ್ಟಿಲ ಮೇಲಿನ ಪುಟ್ಟ ಕೋಣೆ. ಅಲ್ಲಿ ಸೂರಿಗೆ ತಾಗಿದಂತೆ ಎರಡು ಬದಿಯಲ್ಲಿ ಜಾಲಿ ಇಡಿಸಿ, ಮೇಲೆ ಮಳೆ ತಡೆಯುವ ಸಜ್ಜಾ ಕೊಡಿ. ಬೆಳಕಿಗೆಂದು ಅಲ್ಲಿ ಪಾಲಿಕಾರ್ಬೊನೇಟ್ ಶೀಟು ಹೊದಿಸುವ ರೂಢಿಯಿದೆ. ಅದು ಬಿಸಿಲನ್ನು ನೇರ ಒಳಗೆ ಸುರಿಸುತ್ತದೆ. ಬೆಳಕು ಬೇಕಾದರೆ ಉತ್ತರದ ಗೋಡೆಗೆ ನಿಂತ ಗಾಜು ಕೂರಿಸಿ.